ಆಟ ಕಟ್ಟಿದವರಿಗೇ ಅಂಗಳವಿಲ್ಲ

ಮಾನ್ಯರೇ,

ವಿದ್ಯಾರ್ಥಿ ರೋಬೋಟ್ ಸ್ಪರ್ಧೆಯ ಆಟ ರಚನಾ ಸಮಿತಿಗೆ ತಾವು ಅಧ್ಯಕ್ಷರು. ಮುಂದಿನ ಸ್ಪರ್ಧೆಗೆಂದು ನಮ್ಮ ಶಾಲೆಯ ಮೂವರು ಮಕ್ಕಳು ಕಟ್ಟಿ ಕಳಿಸಿದ ಆಟವನ್ನು ತಮ್ಮ ಸಮಿತಿ ಆಯ್ಕೆ ಮಾಡಿದೆ. ಆಟ ಆಯ್ಕೆಯಾಗಿರುವುದರಿಂದ ಆ ಮೂವರೂ ಸ್ಪರ್ಧಿಸಲು ಅನರ್ಹರು ಎಂದೂ ತೀರ್ಮಾನಿಸಿದೆ. ಈ ಎರಡು ಸಂಗತಿಗಳನ್ನು ಸಿಟ್ಟಿನ ಭರದಲ್ಲಿ ನಾನು ಪಕ್ಕಪಕ್ಕ ಇಟ್ಟಿದ್ದಲ್ಲ. ತಮ್ಮ ಕಚೇರಿಯಿಂದ ಬಂದ ಒಂದೇ ಪತ್ರದಲ್ಲಿ ಅವು ಒಂದರ ಕೆಳಗೊಂದು ಇವೆ. ಮೊದಲ ಪ್ಯಾರಾದಲ್ಲಿ ಅಭಿನಂದನೆ, ಎರಡನೆಯದರಲ್ಲಿ ಅನರ್ಹತೆ. ನಡುವೆ ಒಂದು ‘ಆದರೆ’ ಹಾಕುವಷ್ಟು ಸಂಕೋಚವೂ ಬರೆದವರಿಗೆ ಆದಂತಿಲ್ಲ. ಕಾರಣವನ್ನೇನೋ ಸ್ಪಷ್ಟವಾಗಿ ಕೊಟ್ಟಿದ್ದಾರೆ: ‘ಆಟದ ಪೂರ್ವಜ್ಞಾನ ಹೊಂದಿರುವ ಯಾವುದೇ ವ್ಯಕ್ತಿ ಸ್ಪರ್ಧಿಸತಕ್ಕದ್ದಲ್ಲ.’ ತಾವೇ ಕೇಳಿದ ಆಟವನ್ನು ಕಟ್ಟಿಕೊಟ್ಟವರಿಗೆ ಅದರ ಪೂರ್ವಜ್ಞಾನ ಇರದೆ ಇನ್ಯಾರಿಗೆ ಇರಬೇಕಿತ್ತು?

ಇದನ್ನು ಪತ್ರಿಕೆಯ ಮೂಲಕ ಕೇಳಬೇಕಾಗಿ ಬಂದದ್ದರಲ್ಲಿ ನನಗೆ ಸಂತೋಷವೇನಿಲ್ಲ. ತಮ್ಮ ಕಚೇರಿಗೆ ಪತ್ರ ಬರೆದೆ. ಅದಕ್ಕೆ ಉತ್ತರವಾಗಿ ಹಳೆಯ ಪತ್ರದ್ದೇ ನಕಲು ಬಂತು, ಅಭಿನಂದನೆಯ ಸಮೇತ. ಇನ್ನೊಂದು ಬರೆದೆ. ‘ತಮ್ಮ ಪತ್ರ ತಲುಪಿದೆ’ ಎಂಬ ಒಂದು ಸಾಲು ಬಂತು. ಪತ್ರ ತಲುಪಿದ್ದು ನನಗೂ ಗೊತ್ತು. ಅಂಚೆಯವರ ಮೇಲೆ ನನಗೆ ಯಾವ ದೂರೂ ಇಲ್ಲ. ಹೆಸರು ನೋಂದಾಯಿಸಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶವಿದೆ. ಆ ಮೂವರಲ್ಲಿ ಇಬ್ಬರಿಗೆ ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ತಮ್ಮ ಮುಂದಿನ ‘ತಲುಪಿದೆ’ ಬರುವ ಹೊತ್ತಿಗೆ ಅವರು ಆಡುವ ವಯಸ್ಸನ್ನೇ ದಾಟಿರುತ್ತಾರೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ನಾನು ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ರೋಬೋಟ್ ತಂಡ ನನ್ನ ಕೊರಳಿಗೆ ಬಿದ್ದ ಬಗೆಯೇ ಒಂದು ಕಥೆ. ವಿಜ್ಞಾನದವರಿಗೆ ಬಿಡುವಿರಲಿಲ್ಲ, ಗಣಿತದವರಿಗೆ ಮನಸ್ಸಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಸ್ಟಾಫ್ ರೂಮಿನಲ್ಲಿ ಸುತ್ತಲೂ ಒಮ್ಮೆ ಕಣ್ಣಾಡಿಸಿ, “ನಿಮಗೆ ಕಂಪ್ಯೂಟರಲ್ಲಿ ಟೈಪ್ ಮಾಡೋಕೆ ಬರುತ್ತಲ್ವಾ? ಸಾಕು ಬಿಡಿ” ಎಂದರು. ಹೀಗೆ ಸಂವಿಧಾನ, ಮಣ್ಣಿನ ವಿಧಗಳು, ಜನಗಣತಿಯ ಜೊತೆಗೆ ಮೋಟಾರು, ಬ್ಯಾಟರಿ, ಗಾಲಿಗಳೂ ನನ್ನ ಪಾಲಿಗೆ ಬಂದವು. ನಮಗೆ ಕೊಟ್ಟಿರುವ ಕೋಣೆ ಮೆಟ್ಟಿಲ ಕೆಳಗಿನದು. ಅರ್ಧ ಕೋಣೆಯಲ್ಲಿ ಕಾಲು ಮುರಿದ ಬೆಂಚುಗಳು, ಉಳಿದರ್ಧದಲ್ಲಿ ನಾವು. ಇರುವುದು ಒಂದೇ ಪ್ಲಗ್ಗು, ಅದಕ್ಕೆ ಬೆಸುಗೆ ಕಡ್ಡಿ ಚುಚ್ಚಿದರೆ ಫ್ಯಾನು ನಿಲ್ಲುತ್ತದೆ. ತಂಡದ ನಾಯಕಿಯನ್ನು ಎಲ್ಲರೂ ಲಾಯರಮ್ಮ ಎನ್ನುತ್ತಾರೆ. ಯಾಕೆಂದು ಅವಳೊಡನೆ ಎರಡು ಮಾತಾಡಿದರೆ ತಿಳಿಯುತ್ತದೆ. ಅವಳದೇ ತರಗತಿಯ ಇನ್ನೊಬ್ಬ ಹುಡುಗ ಕೆನ್ನೆಗೆ ಕೈ ಕೊಟ್ಟು ಕೂತರೆ ಗಂಟೆಗಟ್ಟಲೆ ಮಾತಿಲ್ಲ, ಆದ್ದರಿಂದ ಅವನು ತಾತ. ಮೂರನೆಯವನು ಕೆಳಗಿನ ತರಗತಿಯವನು. ಅವನು ಮಾಡಿದ ಮೊದಲ ಗಾಡಿ ಎಲ್ಲಿ ಬಿಟ್ಟರೂ ಗೋಡೆಗೇ ಹೋಗಿ ಗುದ್ದುತ್ತಿತ್ತು. ಅಂದಿನಿಂದ ಅವನು ಸೊಟ್ಟ. ಕೊನೆಯ ಅವಕಾಶ ಎಂದೆನಲ್ಲ, ಅದು ಲಾಯರಮ್ಮನಿಗೆ ಮತ್ತು ತಾತನಿಗೆ.

ಈ ಮಕ್ಕಳು ಎರಡು ವರ್ಷ ತಮ್ಮ ಸ್ಪರ್ಧೆಗೆ ಬಂದು ಮೊದಲ ಸುತ್ತಿನಲ್ಲೇ ಸೋತು ಹೋಗಿದ್ದಾರೆ. ಸೋಲಿನ ಬಗ್ಗೆ ದೂರಿಲ್ಲ. ಆಟಗಳ ಬಗ್ಗೆ ಇದೆ. ಒಂದು ವರ್ಷ ಚೆಂಡುಗಳನ್ನು ಬುಟ್ಟಿಗೆ ತುಂಬುವ ಆಟ, ಮರುವರ್ಷ ಡಬ್ಬಿಗಳನ್ನು ಬುಟ್ಟಿಗೆ ತುಂಬುವ ಆಟ. ಎರಡರಲ್ಲೂ ಎದುರಾಳಿಯ ಗಾಡಿಯನ್ನು ತಳ್ಳಿ ಮೂಲೆಗೆ ಒತ್ತಿದರೆ ತಪ್ಪಿಲ್ಲ. ಆದ್ದರಿಂದ ಯಾರ ಮೋಟಾರು ಬಲವಾಗಿದೆಯೋ ಅವರ ಬುಟ್ಟಿ ತುಂಬುತ್ತದೆ. ಬಲವಾದ ಮೋಟಾರು ಎಂಥ ಶಾಲೆಗಳಲ್ಲಿರುತ್ತದೆ ಎಂಬುದನ್ನು ತಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ನೋಡುವವರ ಪಾಡು ಕೇಳಿ. ಕಳೆದ ಸಲ ಲಾಯರಮ್ಮನ ಅಜ್ಜಿ ಆಟ ನೋಡಲು ಬಂದಿದ್ದರು. ಪಕ್ಕದಲ್ಲಿ ನಾನೇ ಕೂತಿದ್ದೆ.

“ನಮ್ಮ ಹುಡುಗಿ ಮಾಡಿದ್ದು ಯಾವುದಮ್ಮಾ?” ಎಂದರು.

“ಆ ಹಳದಿದು, ಅಜ್ಜಿ.”

“ಅದು ನಿಂತೇ ಇದೆಯಲ್ಲ?”

“ಎದುರಿನ ಗಾಡಿ ಅಡ್ಡ ಹಾಕಿದೆ.”

“ಮತ್ತೆ ಬೈಯೋರು ಯಾರೂ ಇಲ್ವಾ?”

ಅಂಕಣದ ಸುತ್ತ ಪಟ್ಟೆ ಅಂಗಿ ತೊಟ್ಟ ತೀರ್ಪುಗಾರರು ನಾಲ್ವರಿದ್ದರು. ಬೈಯುವವರು ಒಬ್ಬರೂ ಇರಲಿಲ್ಲ, ಯಾಕೆಂದರೆ ನಿಯಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಇದಕ್ಕೆ ಇಷ್ಟು ಓದಬೇಕಾ? ನಮ್ಮ ಬಸ್‌ಸ್ಟ್ಯಾಂಡಲ್ಲಿ ದಿನಾ ನಡೆಯುತ್ತೆ” ಎಂದು ಚೀಲದಿಂದ ಕನ್ನಡಕ ತೆಗೆದು ಪೇಪರು ಬಿಡಿಸಿದರು. ಅಧ್ಯಕ್ಷರೇ, ಆಟ ರಚಿಸುವವರು ಈ ಮಾತನ್ನು ಗೋಡೆಗೆ ಬರೆದು ಹಾಕಿಕೊಳ್ಳಬಹುದು.

ಆಮೇಲೆ ತಮ್ಮ ಪ್ರಕಟಣೆ ಬಂತು. ‘ಮುಂದಿನ ಆಟವನ್ನು ವಿದ್ಯಾರ್ಥಿಗಳೇ ಯೋಚಿಸಲಿ’ ಎಂದು ಬಣ್ಣದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಿಜಕ್ಕೂ ಒಳ್ಳೆಯ ಆಲೋಚನೆ. ಆಗಲೂ ಹಾಗೆಂದೆ, ಈಗಲೂ ಅನ್ನುತ್ತೇನೆ. ಕೆಳಗೆ ಷರತ್ತುಗಳಿದ್ದವು. ಆಟ ಹೊಸದಾಗಿರಬೇಕು. ಸಾಧಾರಣ ಸಾಮಗ್ರಿಯಲ್ಲಿ ಆಡುವಂತಿರಬೇಕು. ಮುಖ್ಯವಾಗಿ, ಬರೀ ಕಾಗದದ ಮೇಲಿನ ಕಲ್ಪನೆಯನ್ನು ಪರಿಗಣಿಸುವುದಿಲ್ಲ. ಅಂಕಣವನ್ನು ಕಟ್ಟಿ, ಆಡಿ ನೋಡಿ, ಅದರ ವಿಡಿಯೊ ಕಳಿಸಬೇಕು. ಈ ಕೊನೆಯ ಷರತ್ತನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಿ. ತಮ್ಮ ಕಚೇರಿ ಅದನ್ನು ಮರೆತಿದೆ.

ಮಕ್ಕಳಿಗೆ ಆಟ ಹೊಳೆದದ್ದು ರೋಬೋಟಿನಿಂದಲ್ಲ, ಬೀರುವಿನಿಂದ. ಮೇಲಿನ ಮಹಡಿಯ ಗ್ರಂಥಾಲಯದ ಸೂರು ಸೋರತೊಡಗಿ, ಪುಸ್ತಕಗಳನ್ನೆಲ್ಲ ಕೆಳಗಿನ ಕೋಣೆಗೆ ತರುವ ಕೆಲಸ ಬಿತ್ತು. ಪುಸ್ತಕಗಳು ಇಳಿದವು. ಕಬ್ಬಿಣದ ಉದ್ದ ಬೀರು ಉಳಿಯಿತು. ಅದನ್ನು ಮಲಗಿಸಿ, ಲಾಯರಮ್ಮ ಮೇಲಿನ ತುದಿ ಹಿಡಿದಳು, ತಾತ ಕೆಳಗಿನ ತುದಿ ಹಿಡಿದು ಹಿಮ್ಮುಖವಾಗಿ ಮೆಟ್ಟಿಲಿಳಿಯತೊಡಗಿದ. ನಾನು, ಸೊಟ್ಟ ಪಕ್ಕದಲ್ಲಿ ಆಸರೆಯಾಗಿದ್ದೆವು. ತಿರುವಿಗೆ ಬಂದಾಗ ಶುರುವಾಯಿತು.

“ಎಡಕ್ಕೆ! ಎಡಕ್ಕೆ ತಿರುಗೋ!”

“ಯಾರ ಎಡಕ್ಕೆ?”

“ಎಡ ಅಂದ್ರೆ ಎಡ ಕಣೋ!”

“ನಿನ್ನ ಎಡ ನಂಗೆ ಬಲ ಕಣೇ!”

ಬೀರು ಗೋಡೆಗೆ ತಾಗಿ ಸುಣ್ಣ ಉದುರಿತು. ಮೇಲಿರುವವಳಿಗೆ ದಾರಿ ಕಾಣುತ್ತದೆ, ಭಾರವಿಲ್ಲ. ಕೆಳಗಿರುವವನಿಗೆ ಭಾರವೆಲ್ಲ ಇದೆ, ದಾರಿ ಕಾಣುವುದಿಲ್ಲ. ಅವಳು ಹೇಳಬೇಕು, ಇವನು ನಂಬಬೇಕು. ಕೊನೆಗೆ ಎಡ ಬಲ ಬಿಟ್ಟು ‘ಕಿಟಕಿ ಕಡೆ’, ‘ಗೋಡೆ ಕಡೆ’ ಎಂದು ಹೇಳತೊಡಗಿದಾಗ ಬೀರು ಸಲೀಸಾಗಿ ಇಳಿಯಿತು. ಕೆಳಗೆ ಬಂದು ಅದರ ಮೇಲೇ ಕೂತು ಸುಧಾರಿಸಿಕೊಳ್ಳುತ್ತಿದ್ದ ತಾತ, ಆ ದಿನದ ತನ್ನ ಮೊದಲ ಪೂರ್ತಿ ವಾಕ್ಯವನ್ನು ಆಡಿದ: “ಇದನ್ನ ಎರಡು ರೋಬೋಟ್ ಮಾಡಿದ್ರೆ, ಅದು ಆಟ.”

ಲಾಯರಮ್ಮ ಅಲ್ಲಿಗೇ ಬಿಡಲಿಲ್ಲ. “ಎರಡೂ ಒಂದೇ ಶಾಲೆದಾದ್ರೆ ಏನು ಮಜಾ? ಒಂದು ನಮ್ಮದು, ಇನ್ನೊಂದು ಎದುರು ಶಾಲೆದು” ಎಂದಳು. ಎದುರಾಳಿಯ ಜೊತೆ ಸೇರಿ ಹೊರುವ ಆಟ. ಬೀಳಿಸಿದರೆ ಇಬ್ಬರೂ ಸೋಲುತ್ತಾರೆ. ತಳ್ಳುವ ಮೋಟಾರಿಗೆ ಇಲ್ಲಿ ಕೆಲಸವೇ ಇಲ್ಲ. ನನ್ನ ಪಾಠದಲ್ಲಿ ಸಹಬಾಳ್ವೆ ಎಂದೊಂದು ಅಧ್ಯಾಯವಿದೆ. ವರ್ಷವರ್ಷವೂ ಅದನ್ನು ಓದಿಸುತ್ತೇನೆ, ಮಕ್ಕಳು ಆಕಳಿಸುತ್ತಾರೆ. ಆ ದಿನ ಯಾರೂ ಆಕಳಿಸಲಿಲ್ಲ.

ಮುಂದಿನ ತಿಂಗಳುಗಳೆಲ್ಲ ಹೋದದ್ದು ತಮ್ಮ ಆ ಕೊನೆಯ ಷರತ್ತನ್ನು ಪೂರೈಸುವುದಕ್ಕೆ. ಮುರಿದ ಬೆಂಚುಗಳ ಹಲಗೆ ಬಿಚ್ಚಿ ಕಾರಿಡಾರಿನಲ್ಲಿ ಅಂಕಣ ಕಟ್ಟಿದರು. ಎರಡೂ ಗಾಡಿ ಸೇರಿ ಹೊರುವ ಹಲಗೆಯ ಮೇಲೆ ಏನಿರಬೇಕೆಂದು ಬಹಳ ಚರ್ಚೆಯಾಯಿತು. ಇಟ್ಟಿಗೆ ಇಟ್ಟರೆ ಬಿದ್ದಾಗ ಮಾತ್ರ ತಪ್ಪು ತಿಳಿಯುತ್ತದೆ. ನೀರಿಟ್ಟರೆ ಪ್ರತಿ ಸಣ್ಣ ತಪ್ಪೂ ನೆಲದ ಮೇಲೆ ಕಾಣುತ್ತದೆ, ನೋಡುವ ಅಜ್ಜಿಗೂ ಕಾಣುತ್ತದೆ. ಹಾಗಾಗಿ ನೀರು. ಎದುರಾಳಿ ಶಾಲೆ ಇರಲಿಲ್ಲವಾದ್ದರಿಂದ ಇವರೇ ಎರಡು ಗಾಡಿ ಮಾಡಿ, ಇವರೇ ಜಗಳವಾಡಿ, ಇವರೇ ರಾಜಿಯಾದರು. ಮುಖ್ಯೋಪಾಧ್ಯಾಯಿನಿಯವರು ಒಮ್ಮೆ ಒದ್ದೆ ನೆಲದಲ್ಲಿ ಜಾರಿ ಸಾವರಿಸಿಕೊಂಡು, “ಇದು ರೋಬೋಟ್ ಕ್ಲಬ್ಬೋ, ನೆಲ ಒರೆಸೋ ಕ್ಲಬ್ಬೋ?” ಎಂದು ಕೇಳಿದರು. ಒರೆಸುತ್ತಿದ್ದ ಸೊಟ್ಟ ತಲೆಯೆತ್ತದೆ, “ಸದ್ಯಕ್ಕೆ ಎರಡೂ, ಮೇಡಂ” ಎಂದ. ವಿಡಿಯೊ ಹೋಯಿತು, ಅಳತೆಗಳು ಹೋದವು, ನಿಯಮಾವಳಿಯ ಕರಡೂ ಹೋಯಿತು. ಕರಡು ಬರೆದವಳು ಯಾರೆಂದು ಹೇಳಬೇಕಾಗಿಲ್ಲ. ಹನ್ನೊಂದು ಪುಟ, ಅದರಲ್ಲಿ ಮೂರು ಪುಟ ‘ವ್ಯಾಖ್ಯೆಗಳು’.

ತಮ್ಮ ಪತ್ರ ಬಂದ ದಿನ ಅದನ್ನು ಒಡೆದು ಓದುವ ಹಕ್ಕು ಲಾಯರಮ್ಮನದಾಗಿತ್ತು. ಬೆಂಚಿನ ಮೇಲೆ ನಿಂತು, ವಾರ್ತೆ ಓದುವವರ ದನಿಯಲ್ಲಿ ಮೊದಲ ಪ್ಯಾರಾ ಓದಿದಳು. ಸೊಟ್ಟ ಕಾರಿಡಾರಿನುದ್ದಕ್ಕೂ ಓಡಿ ಸುದ್ದಿ ಮುಟ್ಟಿಸಿ ವಾಪಸು ಬರುವಷ್ಟರಲ್ಲಿ ಅವಳು ಎರಡನೆಯ ಪ್ಯಾರಾ ಓದಿ ಬೆಂಚಿನಿಂದ ಇಳಿದಿದ್ದಳು. ಪತ್ರವನ್ನು ನನ್ನ ಕೈಗೆ ಕೊಟ್ಟು, “ಮಿಸ್, ಇದು ತಪ್ಪಾಗಿ ಟೈಪ್ ಆಗಿರಬೇಕು, ಅಲ್ವಾ?” ಎಂದಳು. ವಾದಕ್ಕೆ ಹೆಸರಾದ ಹುಡುಗಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊಟ್ಟವ ಕೋಡಂಗಿ, ಇಸ್ಕೊಂಡವ ವೀರಭದ್ರ ಎಂಬ ಗಾದೆಯನ್ನು ನಮ್ಮ ಹಿರಿಯರು ಸಮಿತಿಗಳನ್ನು ನೋಡಿಯೇ ಮಾಡಿರಬೇಕು.

ಈಗ ನಿಯಮದ ಮಾತಿಗೆ ಬರೋಣ. ಪೂರ್ವಜ್ಞಾನದ ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಿಂದಿನ ನಿಯಮಾವಳಿಗಳನ್ನು ತೆಗೆದು ನೋಡಿದ್ದೇನೆ. ಆಟವನ್ನು ಸಮಿತಿಯೇ ಗುಟ್ಟಾಗಿ ರಚಿಸುತ್ತಿದ್ದ ಕಾಲದಲ್ಲಿ, ಸದಸ್ಯರ ಮನೆಯ ಮಕ್ಕಳಿಗೆ ಆಟ ಮುಂಚಿತವಾಗಿ ತಿಳಿಯದಿರಲಿ ಎಂದು ಮಾಡಿದ ನಿಯಮವದು. ಅಪ್ಪ ಪ್ರಶ್ನೆಪತ್ರಿಕೆ ಬರೆದು ಮಗ ಪರೀಕ್ಷೆಗೆ ಕೂರಬಾರದು ಎಂಬಂಥದ್ದು, ನ್ಯಾಯವಾದದ್ದು. ಆದರೆ ಆ ಬೇಲಿ ಹಾಕಿದ್ದು ಸಮಿತಿಯ ಸುತ್ತ, ಮಕ್ಕಳ ಸುತ್ತ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಮ್ಮವರಿಗೆಂದು ಮಾಡಿಕೊಂಡ ನಿಯಮವನ್ನು ತಮ್ಮ ಕರೆಗೆ ಓಗೊಟ್ಟವರ ಬೆನ್ನಿಗೆ ಎಳೆದಿದ್ದೀರಿ. ಆಟ ಆಯ್ಕೆಯಾದರೆ ಸ್ಪರ್ಧಿಸುವಂತಿಲ್ಲ ಎಂಬ ಒಂದು ಮಾತು ಆ ಬಣ್ಣದ ಹಾಳೆಯಲ್ಲಿ ಎಲ್ಲಾದರೂ ಇತ್ತೇ? ಇದ್ದಿದ್ದರೆ ಮಕ್ಕಳು ಯೋಚಿಸಿ ನಿರ್ಧರಿಸುತ್ತಿದ್ದರು. ಆಡಿ ನೋಡದೆ ಕಳಿಸಬೇಡಿ ಎಂದವರು ತಾವು, ಆಡಿ ನೋಡಿದ್ದಾರೆ ಎಂದು ಹೊರಗಿಟ್ಟವರೂ ತಾವು. ಇನ್ನೊಂದು ಮಾತು. ಈ ಸುದ್ದಿ ಎಲ್ಲ ಶಾಲೆಗಳಿಗೂ ಹರಡಿದ ಮೇಲೆ, ಮುಂದಿನ ವರ್ಷ ಯಾವ ಮಕ್ಕಳು ತಮಗೆ ಆಟ ಯೋಚಿಸಿ ಕಳಿಸುತ್ತಾರೆ? ಸ್ಪರ್ಧಿಸಲು ಇಷ್ಟವಿಲ್ಲದವರು ಮಾತ್ರ. ಆಡಲು ಆಸೆಯಿಲ್ಲದವರು ರಚಿಸಿದ ಆಟ ಹೇಗಿರುತ್ತದೆ ಎಂಬುದನ್ನು ಎರಡು ವರ್ಷ ನೋಡಿಯಾಗಿದೆ.

ನಮ್ಮ ಮಕ್ಕಳಿಗೆ ಅನುಕೂಲವಿಲ್ಲ ಎಂದು ವಾದಿಸುವಷ್ಟು ಮುಗ್ಧೆ ನಾನಲ್ಲ. ಇದೆ. ಬೇರೆಯವರು ಅಂಕಣದ ನಕ್ಷೆ ನೋಡುವ ಮೊದಲೇ ಇವರು ಅದರಲ್ಲಿ ತಿಂಗಳುಗಟ್ಟಲೆ ನೀರು ಚೆಲ್ಲಿದ್ದಾರೆ. ಅದನ್ನು ಸರಿದೂಗಿಸುವುದು ಹೇಗೆಂದು ತಾವು ಕೇಳಿದ್ದರೆ ನಾವು ಕೂತು ಮಾತಾಡಬಹುದಿತ್ತು. ಕೇಳಬೇಕಾದರೆ ಮೊದಲು ನಮ್ಮನ್ನು ಕರೆಯಬೇಕಿತ್ತು. ಒಬ್ಬರನ್ನು ಶಿಕ್ಷಿಸುವ ಮುನ್ನ ಅವರ ಮಾತು ಕೇಳಬೇಕೆಂಬುದನ್ನು ನಾನು ಎಂಟನೇ ತರಗತಿಗೆ ಕಲಿಸುತ್ತೇನೆ. ತಮ್ಮ ಸಮಿತಿಯಲ್ಲಿ ಯಾರಾದರೂ ಆ ದಿನ ಗೈರುಹಾಜರಾಗಿದ್ದರೆ ಮತ್ತೊಮ್ಮೆ ಪಾಠ ಮಾಡಲು ಸಿದ್ಧಳಿದ್ದೇನೆ.

ಪತ್ರಗಳಿಂದ ಕೆಲಸವಾಗದಿದ್ದಾಗ ಫೋನು ಮಾಡಿದೆ. ತಮ್ಮ ಸಮಿತಿಯ ಕಾರ್ಯದರ್ಶಿ ಮಾತಿಗೆ ಸಿಕ್ಕರು. ಮೃದುವಾಗಿಯೇ ಮಾತಾಡಿದರು, ಅದನ್ನು ಮರೆಮಾಚುವುದಿಲ್ಲ.

“ಮೇಡಂ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ರೂಲ್ಸು ರೂಲ್ಸೇ ಅಲ್ವಾ?”

“ರೂಲ್ಸು ನಿಮ್ಮ ಸದಸ್ಯರಿಗೆ ಮಾಡಿದ್ದು, ಸಾರ್.”

“ಇರಬಹುದು. ಈಗ ಅದನ್ನೆಲ್ಲ ಕೆದಕೋದು ಬೇಡ. ಒಂದು ದಾರಿ ಹೇಳ್ತೀನಿ, ನೋಡಿ. ಐಡಿಯಾ ಮಕ್ಕಳದಲ್ಲ, ಟೀಚರದ್ದು ಅಂತ ಬರೆದುಕೊಡಿ. ಮಕ್ಕಳು ಕೆಳಗೆ ಸೈನ್ ಹಾಕಲಿ. ಈ ವರ್ಷ ನೀವು ತಂಡದಿಂದ ದೂರ ಇದ್ರಾಯ್ತು. ಅವರು ಆರಾಮಾಗಿ ಆಡಬಹುದು.”

“ಆದ್ರೆ ಐಡಿಯಾ ಅವರದೇ ಅಲ್ವಾ?”

“ಗೊತ್ತು ಮೇಡಂ. ನಂಗೊತ್ತು, ನಿಮಗೊತ್ತು.”

“ಅಂಕಣ ಕಟ್ಟಿದ್ದೂ ಅವರೇ. ವಿಡಿಯೊದಲ್ಲಿ ಅವರೇ ಇದಾರೆ.”

“ವಿಡಿಯೊ ಯಾರು ನೋಡ್ತಾರೆ, ಮೇಡಂ? ಕಾಗದದಲ್ಲಿ ಇರಬಾರದು, ಅಷ್ಟೇ.”

ವಿಡಿಯೊ ಯಾರು ನೋಡುತ್ತಾರೆ ಎಂದು ಆಟ ರಚನಾ ಸಮಿತಿಯ ಕಾರ್ಯದರ್ಶಿಯೇ ಕೇಳಿದರು. ಆ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತೇನೆ. ಆದರೆ ಅವರ ಸಲಹೆಯ ಒಳಗೇನಿದೆ ಎಂಬುದನ್ನು ನೋಡಿ. ಮಕ್ಕಳಿಗೆ ಗೊತ್ತಿರುವುದು ಒಂದು ಗೆರೆಯಷ್ಟೂ ಕಡಿಮೆಯಾಗುವುದಿಲ್ಲ. ಬೀರು ಹೊತ್ತ ಕೈಗಳು ಅವೇ, ನೀರು ಒರೆಸಿದ ಮಂಡಿಗಳೂ ಅವೇ. ಒಂದು ಸುಳ್ಳಿಗೆ ಸಹಿ ಹಾಕಿದರೆ ಪೂರ್ವಜ್ಞಾನ ಮಾಯವಾಗುತ್ತದೆ. ಸತ್ಯ ಹೇಳಿದರೆ ಅಂಟಿಕೊಳ್ಳುತ್ತದೆ. ಹಾಗಾದರೆ ತಮ್ಮ ನಿಯಮ ತಡೆಯುತ್ತಿರುವುದು ಏನನ್ನು? ಸ್ಪರ್ಧೆಯ ಸಮಾನತೆ ಕಾಯುವ ನಿಯಮ ಇಷ್ಟು ಸುಲಭವಾಗಿ ಕಣ್ಣು ಮುಚ್ಚಿಕೊಳ್ಳುವುದಾದರೆ, ಅದು ಕಾಯುತ್ತಿದ್ದದ್ದು ಕಡತವನ್ನೇ ಇರಬೇಕು.

ಆ ಸಲಹೆಯನ್ನು ನಾನೇ ತಿರಸ್ಕರಿಸಬಹುದಿತ್ತು. ಆದರೆ ಆಡುವವರು ಅವರು, ಕಳೆದುಕೊಳ್ಳುವವರೂ ಅವರು. ಶಾಲೆ ಬಿಟ್ಟ ಮೇಲೆ ಮೂವರನ್ನೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿ, ಕಾರ್ಯದರ್ಶಿಗಳು ಹೇಳಿದ್ದನ್ನು ಹೇಳಿದಂತೆಯೇ ತಿಳಿಸಿದೆ. ಮೊದಲು ಮಾತಾಡಿದವನು ಸೊಟ್ಟ.

“ಸೈನ್ ಮಾಡಿಬಿಡೋಣ. ಆಡೋದು ತಾನೇ ಮುಖ್ಯ?”

“ನಿಂಗೇನೋ, ನಿಂಗಿನ್ನೂ ಎರಡು ವರ್ಷ ಇದೆ” ಎಂದಳು ಲಾಯರಮ್ಮ.

“ಅದಕ್ಕೇ ಹೇಳ್ತಿರೋದು ಕಣಕ್ಕಾ. ಇಲ್ಲದೇ ಇರೋದು ನಿಮಗಿಬ್ಬರಿಗೆ.”

ಲಾಯರಮ್ಮನಿಗೆ ಆಡುವ ಆಸೆ ಎಷ್ಟಿತ್ತೆಂಬುದು ನನಗೆ ಗೊತ್ತಿತ್ತು. ಮೇಜಿನ ಮೇಲಿದ್ದ ಗಾಲಿಯೊಂದನ್ನು ಬೆರಳಲ್ಲಿ ತಿರುಗಿಸುತ್ತ, “ಮಿಸ್, ಸೈನ್ ಮಾಡಿದ್ರೆ ಆಮೇಲೆ ಯಾರಾದ್ರೂ ಕೇಳಿದ್ರೆ, ಇದು ನಮ್ಮ ಆಟ ಅಂತ ಹೇಳಬಹುದಾ?” ಎಂದಳು.

ಹೇಳುವಂತಿಲ್ಲ ಎಂದೆ.

“ಅಜ್ಜಿಗೂ?”

ನಾನು ಉತ್ತರಿಸುವ ಮೊದಲೇ ತಾತ ಕೆನ್ನೆಯಿಂದ ಕೈ ತೆಗೆದ. “ನಮಗೆ ಮಾತ್ರ ಗೊತ್ತಿರೋದೇ ತೊಂದರೆ ಅಂದ್ರೆ, ಎಲ್ಲರಿಗೂ ಹೇಳಿಬಿಡೋಣ.”

“ಏನು ಹೇಳೋದು?” ಎಂದಳು ಲಾಯರಮ್ಮ.

“ಎಲ್ಲಾ.”

“ತೇಲೋ ಬಿಲ್ಲೆದೂ?”

“ಅದೂ.”

“ಟ್ಯೂಬಿಂದು?”

“ಎಲ್ಲಾ ಅಂದ್ರೆ ಎಲ್ಲಾ.”

“ತಲೆ ಕೆಟ್ಟಿದೆ ಇವನಿಗೆ! ಆ ಬಿಲ್ಲೆಗೋಸ್ಕರ ಎಷ್ಟು ಸಲ ನೆಂದಿದೀವಿ ಗೊತ್ತಾ, ತಾತ? ಬೇರೆಯವರು ಸುಮ್ಮನೆ ಓದ್ಕೊಂಡು ಬಂದು ನಮ್ಮನ್ನೇ ಸೋಲಿಸ್ತಾರೆ!” ಎಂದಳು ಲಾಯರಮ್ಮ.

“ಸೋಲಿಸ್ಲಿ” ಎಂದ ತಾತ. “ಸೋಲೋಕಾದ್ರೂ ಒಳಗೆ ಬಿಡಬೇಕಲ್ಲ.”

ಲಾಯರಮ್ಮ ಇನ್ನೂ ಸ್ವಲ್ಪ ಹೊತ್ತು ವಾದಿಸಿದಳು. ಅವನ ವಿರುದ್ಧ ವಾದಿಸುತ್ತ ಅವನ ಪಕ್ಷಕ್ಕೇ ಬಂದು ಸೇರಿದಳು. “ಸರಿ. ಆದ್ರೆ ಬರೆಯೋದು ನೀವು, ಮಿಸ್. ಇವನು ಬರೆದ್ರೆ ಎರಡು ಸಾಲಲ್ಲಿ ಮುಗಿಸ್ತಾನೆ.” ಅವಳು ಬರೆದರೆ ವ್ಯಾಖ್ಯೆಗಳೇ ಮೂರು ಪುಟವಾಗುತ್ತವೆ ಎಂದು ಸೊಟ್ಟ ನೆನಪಿಸಿದ.

ಹೀಗಾಗಿ ಅಧ್ಯಕ್ಷರೇ, ಮಕ್ಕಳ ಮಾತಿನಂತೆ, ಈ ಪತ್ರಿಕೆಯ ಎಲ್ಲ ಓದುಗರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದೇನೆ. ಗುಟ್ಟು ಕಾಯುತ್ತೇವೆಂದು ನಾವು ಎಲ್ಲಿಯೂ ಒಪ್ಪಿಕೊಂಡಿಲ್ಲ, ತಾವೂ ಕೇಳಿರಲಿಲ್ಲ. ಮುಂದಿನ ಸ್ಪರ್ಧೆಯ ಆಟ ಇದು. ಒಬ್ಬ ದೊಡ್ಡ ಮನುಷ್ಯನ ಎತ್ತರದಷ್ಟು ಉದ್ದದ ಹಲಗೆ, ಅದರ ನಡುವೆ ಅಗಲ ಬಾಯಿಯ ನೀರಿನ ಬಟ್ಟಲು. ಚೀಟಿ ಎತ್ತಿ ಜೋಡಿಸಿದ ಎರಡು ಶಾಲೆಗಳ ರೋಬೋಟ್‌ಗಳು ಹಲಗೆಯ ಒಂದೊಂದು ತುದಿ ಹಿಡಿಯಬೇಕು. ದಾರಿಯಲ್ಲಿ ಎರಡು ತಿರುವು, ಒಂದು ಇಳಿಜಾರು. ಒಂದು ರೋಬೋಟ್ ಹಿಮ್ಮುಖವಾಗಿ ಸಾಗುತ್ತದೆ. ಅದನ್ನು ನಡೆಸುವ ವಿದ್ಯಾರ್ಥಿ ಅಂಕಣಕ್ಕೆ ಬೆನ್ನು ಹಾಕಿ ಕೂತು, ಎದುರು ಶಾಲೆಯ ವಿದ್ಯಾರ್ಥಿಯ ದನಿಯನ್ನು ಮಾತ್ರ ನಂಬಿ ನಡೆಸಬೇಕು. ಮರುಸುತ್ತಿನಲ್ಲಿ ಪಾತ್ರ ಅದಲುಬದಲು. ಕೊನೆಗೆ ಬಟ್ಟಲಲ್ಲಿ ಉಳಿದ ನೀರೇ ಇಬ್ಬರ ಅಂಕ. ಪ್ರತಿ ಶಾಲೆಯೂ ಬೇರೆ ಬೇರೆ ಶಾಲೆಗಳ ಜೊತೆ ಹೊತ್ತು, ಎಲ್ಲ ಸುತ್ತಿನ ನೀರೂ ಸೇರಿ ಯಾರದು ಹೆಚ್ಚೋ ಅವರು ಗೆದ್ದ ಹಾಗೆ. ಜೊತೆಗಾರನನ್ನು ಕೆಡಿಸಿದರೆ ತನಗೇ ನಷ್ಟ.

ಇನ್ನು ಅವರು ನೆಂದು ಕಲಿತದ್ದು. ತಿರುವಿಗಿಂತ ಹೆಚ್ಚು ನೀರು ಚೆಲ್ಲುವುದು ಹೊರಡುವಾಗಿನ ಜರ್ಕಿನಲ್ಲಿ. ಮೋಟಾರಿಗೆ ಒಮ್ಮೆಲೇ ವೇಗ ಕೊಡಬೇಡಿ, ನಿಧಾನವಾಗಿ ಏರಿಸಿ. ಇಳಿಜಾರಿನಲ್ಲಿ ಭಾರವೆಲ್ಲ ಕೆಳಗಿನ ಗಾಡಿಗೆ ಜಾರುತ್ತದೆ, ಆದ್ದರಿಂದ ನಿಮ್ಮ ಬ್ಯಾಟರಿಯನ್ನು ಆದಷ್ಟು ತಗ್ಗಿನಲ್ಲಿ ಕೂರಿಸಿ. ಹಲಗೆ ಹಿಡಿಯುವ ಕೈಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಜಾರುವುದಿಲ್ಲ. ಬಿಗಿಯಾಗಿ ಹಿಡಿಯಬೇಡಿ, ಎರಡೂ ಗಾಡಿ ಬಿಗಿ ಹಿಡಿದರೆ ತಿರುವಿನಲ್ಲಿ ಹಲಗೆ ಸೆಟೆದು ನಿಲ್ಲುತ್ತದೆ, ಒಂದು ಕಡೆಯಾದರೂ ಸಡಿಲ ಬೇಕು. ಎಡ ಬಲ ಎಂದು ಕೂಗಬೇಡಿ, ಅಂಕಣದ ಒಂದು ಪಕ್ಕಕ್ಕೆ ಕೆಂಪು ಬಟ್ಟೆ, ಇನ್ನೊಂದು ಪಕ್ಕಕ್ಕೆ ಹಳದಿ ಬಟ್ಟೆ ಕಟ್ಟಿಸಿಕೊಂಡು ಬಣ್ಣದ ಹೆಸರು ಹೇಳಿ. ಇನ್ನು ಆ ತೇಲುವ ಬಿಲ್ಲೆ: ಬಟ್ಟಲಿನ ನೀರಿನ ಮೇಲೆ ತೆಳುವಾದ ಮರದ ಬಿಲ್ಲೆಯೊಂದನ್ನು ತೇಲಿಬಿಟ್ಟರೆ ಅಲೆ ಏಳುವುದು ಬಹಳ ಕಡಿಮೆಯಾಗುತ್ತದೆ. ಇದು ನಮ್ಮ ಮಕ್ಕಳ ಅತಿ ದೊಡ್ಡ ಗುಟ್ಟಾಗಿತ್ತು. ಹೇಳಿಯಾಯಿತು. ಇದಕ್ಕೆ ಎಲ್ಲರಿಗೂ ಅವಕಾಶ ಕೊಡಿ ಇಲ್ಲವೇ ಎಲ್ಲರಿಗೂ ನಿಷೇಧಿಸಿ ಎಂಬುದು ಅವರದೇ ಕೋರಿಕೆ. ಯಾವ ಶಾಲೆಯಾದರೂ ಬಂದು ಕಾರಿಡಾರಿನ ಅಂಕಣದಲ್ಲಿ ಆಡಿ ನೋಡಬಹುದು; ನೆಲ ಒರೆಸುವ ಬಟ್ಟೆ ನಮ್ಮದೇ.

ಈಗ ಪೂರ್ವಜ್ಞಾನ ಇಲ್ಲದವರು ಯಾರಿದ್ದಾರೆ? ಈ ಪುಟ ಓದಿದ ಪ್ರತಿ ಶಾಲೆಯೂ, ಪ್ರತಿ ಮಗುವೂ ತಮ್ಮ ನಿಯಮದ ಪ್ರಕಾರ ಅನರ್ಹ. ಎಲ್ಲರನ್ನೂ ಹೊರಗಿಟ್ಟು ಖಾಲಿ ಅಂಕಣಕ್ಕೆ ಬಹುಮಾನ ಕೊಡುವುದು ತಮಗೆ ಬಿಟ್ಟದ್ದು. ಅದು ಬೇಡವಾದರೆ ನಾನು ಕೇಳುವುದಿಷ್ಟೇ. ಆಟದ ನಕ್ಷೆ ಮತ್ತು ನಿಯಮಗಳನ್ನು ಈ ವಾರವೇ ಎಲ್ಲ ಶಾಲೆಗಳಿಗೂ ಕಳಿಸಿ. ಪೂರ್ವಜ್ಞಾನದ ನಿಯಮ ಸಮಿತಿಯವರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿ. ಈ ಮೂವರನ್ನು, ‘ಈ ಆಟ ನಮ್ಮದು’ ಎಂದು ಹೇಳಿಕೊಳ್ಳುವ ಹಕ್ಕಿನ ಸಮೇತ, ತಿಂಗಳ ಕೊನೆಯೊಳಗೆ ಸೇರಿಸಿಕೊಳ್ಳಿ. ಉತ್ತರವನ್ನು ನನಗೆ ಕಳಿಸುವುದು ಬೇಡ. ನನ್ನ ಬಳಿ ‘ತಲುಪಿದೆ’ಗಳು ಸಾಕಷ್ಟಿವೆ. ಅವರಿಗೇ ಕಳಿಸಿ.

ಅವರ ಅರ್ಜಿ ನಿನ್ನೆ ಅಂಚೆಗೆ ಬಿದ್ದಿದೆ. ಅದರಲ್ಲಿ ‘ಈ ಆಟದ ಬಗ್ಗೆ ನಿಮಗೆ ಮೊದಲೇ ತಿಳಿದಿತ್ತೇ?’ ಎಂಬ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕಗಳಿವೆ. ಲಾಯರಮ್ಮ ‘ಹೌದು’ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಇದ್ದ ಒಂದಿಷ್ಟು ಜಾಗದಲ್ಲಿ ‘ನಾವೇ ಮಾಡಿದ್ದು’ ಎಂದು ಬರೆದಿದ್ದಾಳೆ. ಮೂವರೂ ಅದರ ಕೆಳಗೆ ಸಹಿ ಮಾಡಿದ್ದಾರೆ.

ಇಂತಿ,
ಅಭಿನಂದನಾ ಪತ್ರವೊಂದರಿಂದ ಇಷ್ಟು ದುಃಖಪಡಬಹುದೆಂದು ಈಚೆಗೆ ಕಲಿತ
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ